ಕತ್ತಿ, ಬ್ಲೇಡು, ಅರ್ಧ ಬ್ಲೇಡು

ಒಮಾನ್‌ಗೆ ಬಂದ ಹೊಸದರಲ್ಲಿ ನನ್ನ ಅರಬ್ಬೀ ಭಾಷೆ ‘ಎಲ್ಲಿ ನೋವು? ಎಷ್ಟು ದಿನದಿಂದ?’ ಎಂಬಲ್ಲಿಗೆ ಮುಗಿಯುತ್ತಿತ್ತು. ಒಂದು ದಿನ ನಿಜ್ವಾ ಕಡೆಯ ವೃದ್ಧರೊಬ್ಬರು ಬೆನ್ನುನೋವೆಂದು ಬಂದರು. ಅಂಗಿ ಎತ್ತಿಸಿ ನೋಡಿದರೆ ಬೆನ್ನಿನ ಮೇಲೆ ಲೋಟದ ಬಾಯಿಯಷ್ಟಗಲದ ಕಪ್ಪು ವೃತ್ತಗಳು, ಒಂದೊಂದು ವೃತ್ತದ ಒಳಗೂ ಸಾಲುಸಾಲಾಗಿ ಸಣ್ಣ ಗೀರುಗಳು. ಇದೇನೆಂದು ಕೇಳಿದೆ. ‘ಹಿಜಾಮಾ’ ಎಂದರು. ಯಾರು ಮಾಡಿದರು? ‘ಹಜ್ಜಾಮ್’ ಎಂದರು. ನಮ್ಮೂರಿನ ಶಬ್ದ ಇಲ್ಲಿ ಹೇಗೆ ಬಂತೆಂದು ನಾನು ಬೆಪ್ಪಾದೆ. ಕ್ಷೌರದವನು ಈ ಮುದುಕರ ಬೆನ್ನನ್ನು ಯಾಕೆ ಕೊಯ್ದ?

ಆಮೇಲೆ ತಿಳಿಯಿತು, ಶಬ್ದ ಇಲ್ಲಿಂದ ಅಲ್ಲಿಗೆ ಹೋದದ್ದೇ ಹೊರತು ಅಲ್ಲಿಂದ ಇಲ್ಲಿಗೆ ಬಂದದ್ದಲ್ಲ. ಅರಬ್ಬಿಯಲ್ಲಿ ಹಜ್ಜಾಮ್ ಎಂದರೆ ಬಟ್ಟಲಿಟ್ಟು ಕೆಟ್ಟರಕ್ತ ತೆಗೆಯುವವನು. ಕೂದಲು ತೆಗೆಯುವವನು ಹಲ್ಲಾಕ್. ಹಿಂದಿನ ಕಾಲದಲ್ಲಿ ಹರಿತವಾದ ಕತ್ತಿ ಇದ್ದವನೇ ರಕ್ತ ತೆಗೆಯುತ್ತಿದ್ದ, ಸುನ್ನತಿ ಮಾಡುತ್ತಿದ್ದ, ತಲೆಯನ್ನೂ ಬೋಳಿಸುತ್ತಿದ್ದ. ಪರ್ಶಿಯನ್, ಉರ್ದುಗಳ ದಾರಿಯಲ್ಲಿ ಶಬ್ದ ಕನ್ನಡಕ್ಕೆ ಬರುವಷ್ಟರಲ್ಲಿ ವೈದ್ಯಕೀಯದ ಭಾಗ ಉದುರಿಹೋಗಿ ಕ್ಷೌರ ಮಾತ್ರ ಉಳಿಯಿತು. ನಮ್ಮಲ್ಲಿ ಅದು ಬೈಗುಳವೂ ಆಯಿತು. ಸವಿತಾ ಸಮಾಜದವರು ಆ ಶಬ್ದ ಬೇಡವೆನ್ನುವುದು ನ್ಯಾಯವೇ. ಆದರೆ ಮೂಲದಲ್ಲಿ ಅದು ನನ್ನ ವೃತ್ತಿಯ ಹಿರಿಯನೊಬ್ಬನ ಹೆಸರು ಎಂಬುದು ಮಸ್ಕತ್ತಿನ ಆ ಸಣ್ಣ ಕೋಣೆಯಲ್ಲಿ ನನಗೆ ತಿಳಿಯಿತು. ಯೂರೋಪಿನಲ್ಲಿಯೂ ಹೀಗೆಯೇ. ಲಂಡನ್ನಿನಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘದಲ್ಲಿದ್ದು 1745ರಲ್ಲಿ ಬೇರೆಯಾದರು.

ಅಂದಿನಿಂದ ನನಗೆ ಈ ಕತ್ತಿಯ ಹಿಂದೆ ಹೋಗುವ ಚಟ ಹತ್ತಿತು. ನಿವೃತ್ತಿಯ ನಂತರ ಪುರುಸೊತ್ತೂ ಸಿಕ್ಕಿತು. ಸ್ಮರಣ ಸಂಚಿಕೆಯ ಸಂಪಾದಕರು ಲೇಖನ ಕೇಳಿದಾಗ ಹೃದ್ರೋಗದ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿರಬಹುದು. ಕ್ಷಮಿಸಬೇಕು.

ಮೊದಲು ನಮ್ಮ ಮನೆಯ ಕತ್ತಿಯ ಕಥೆ. ನನ್ನ ಬಾಲ್ಯ ಸಾಗರ ಸೀಮೆಯ ಒಂದು ಅಡಿಕೆ ತೋಟದ ಮನೆಯಲ್ಲಿ ಕಳೆಯಿತು. ಹದಿನೈದು ದಿನಕ್ಕೊಮ್ಮೆ ಭಂಡಾರಿ ಬರುತ್ತಿದ್ದ. ಅವನಿಗೆ ಹಣ ಕೊಡುವ ಪದ್ಧತಿ ಇರಲಿಲ್ಲ, ಸುಗ್ಗಿಯಲ್ಲಿ ಮನೆಗಿಷ್ಟು ಭತ್ತ. ಬಯಲುಸೀಮೆಯಲ್ಲಿ ಆಯ ಎನ್ನುತ್ತಾರೆ, ಕಮ್ಮಾರ, ಬಡಗಿ, ಅಗಸರ ಸಾಲಿನಲ್ಲಿ ಕ್ಷೌರಿಕನೂ ಊರಿನ ಆಯಗಾರ. ಚರ್ಮದ ಚೀಲ ಬಿಚ್ಚಿ ಅಂಗಳದ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮಸೆಗಲ್ಲಿಗೆ ನಾಲ್ಕು ಹನಿ ನೀರು ಹಾಕಿ ಕತ್ತಿ ಮಸೆಯುತ್ತಿದ್ದ. ಆಮೇಲೆ ಚರ್ಮದ ಪಟ್ಟಿಯ ಮೇಲೆ ಹಿಂದೆಮುಂದೆ ಎಳೆಯುತ್ತಿದ್ದ. ಕಡೆಗೆ ತನ್ನ ಮುಂಗೈ ಕೂದಲಿನ ಮೇಲೆ ಅಲಗನ್ನು ಆಡಿಸಿ ನೋಡುತ್ತಿದ್ದ. ಕೂದಲು ಉದುರಿದರೆ ಕತ್ತಿ ತಯಾರು.

ಮಸೆಯುವುದರಲ್ಲಿ ಒಂದು ಜಾಣತನವಿದೆ, ಅದು ಭಂಡಾರಿಯದಲ್ಲ, ಕತ್ತಿ ಮಾಡಿದವನದು. ಕ್ಷೌರದ ಕತ್ತಿಯ ಬೆನ್ನು ದಪ್ಪ, ಬಾಯಿ ತೆಳು, ನಡುವೆ ಎರಡೂ ಬದಿ ಒಳಕ್ಕೆ ತಗ್ಗು. ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನೂ ಬಾಯಿಯೂ ಒಟ್ಟಿಗೆ ತಾಗುತ್ತವೆ. ಹೀಗಾಗಿ ಮಸೆಯುವ ಕೋನ ತಾನಾಗಿಯೇ ಸರಿಯಾಗುತ್ತದೆ. ಆದರೆ ಕೆನ್ನೆಯ ಮೇಲೆ ಕತ್ತಿ ಹಿಡಿಯುವ ಕೋನಕ್ಕೆ ಅಂಥ ಕಾವಲಿಲ್ಲ. ಚರ್ಮಕ್ಕೆ ಸುಮಾರು 30 ಡಿಗ್ರಿ. ಅದಕ್ಕಿಂತ ಮಲಗಿಸಿದರೆ ಕೂದಲು ಎಳೆಯುತ್ತದೆ, ಎಬ್ಬಿಸಿದರೆ ಚರ್ಮ ಸೀಳುತ್ತದೆ. ಇದು ಮಣಿಕಟ್ಟಿನ ವಿದ್ಯೆ. ಅಪ್ಪನಿಂದ ಮಗನಿಗೆ ಬರಬೇಕು.

1950ರ ದಶಕದಲ್ಲಿ ಅಜ್ಜ ಶಿವಮೊಗ್ಗದಿಂದ ಒಂದು ಸೇಫ್ಟಿ ರೇಜರ್ ತಂದರಂತೆ. ನಾನು ಕಣ್ಣುಬಿಡುವ ಹೊತ್ತಿಗೆ ಅದರ ಬೆಳ್ಳಿಬಣ್ಣ ಸವೆದು ಹಿತ್ತಾಳೆ ಕಾಣುತ್ತಿತ್ತು. ಅಜ್ಜನಿಗೆ ಅದರಲ್ಲಿ ಎರಡು ಲಾಭ. ಒಂದು, ಮಂಗಳವಾರ, ಶನಿವಾರ, ಅಮಾವಾಸ್ಯೆ ಎಂದು ಭಂಡಾರಿಯ ದಾರಿ ಕಾಯಬೇಕಿಲ್ಲ. ಎರಡನೆಯದು ಮೈಲಿಗೆಯದು. ಭಂಡಾರಿಯ ಕೈಯಿಂದ ಕ್ಷೌರವಾದರೆ ಯಾರನ್ನೂ ಮುಟ್ಟದೆ ಹಿತ್ತಿಲಿನಿಂದ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿ ಒಳಗೆ ಬರಬೇಕು. ತನ್ನ ಕೈಯಿಂದ ತಾನೇ ಕೆನ್ನೆ ಕೆರೆದುಕೊಂಡರೆ ಅದು ಕ್ಷೌರವೇ ಅಲ್ಲವೆಂದು ಅಜ್ಜ ವಾದಿಸುತ್ತಿದ್ದರು. ಶಾಸ್ತ್ರದಲ್ಲಿ ಇದಕ್ಕೆ ಆಧಾರ ಸಿಕ್ಕಿತ್ತೋ ಇಲ್ಲವೋ, ಅಜ್ಜಿ ಒಪ್ಪಿರಲಿಲ್ಲ.

ಹಾಗಾದರೂ ಭಂಡಾರಿ ಬರುವುದು ನಿಲ್ಲಲಿಲ್ಲ. ಮಡಿ ಅಜ್ಜಿ ಇದ್ದರಲ್ಲ. ಅವರು ಅಜ್ಜನ ಅಕ್ಕ. ಹನ್ನೆರಡರೊಳಗೆ ಮದುವೆಯೂ ವೈಧವ್ಯವೂ ಮುಗಿದಿತ್ತು. ಕೆಂಪು ಸೀರೆ, ಬೋಳುತಲೆ. ಅಜ್ಜನ ಕ್ಷೌರ ಅಂಗಳದಲ್ಲಿ ಲೋಕಾಭಿರಾಮದ ಮಾತಿನೊಂದಿಗೆ ನಡೆಯುತ್ತಿದ್ದುದಾದರೆ ಇವರದು ಹಿತ್ತಿಲಿನ ಬಚ್ಚಲ ಹಿಂದೆ. ಅವರು ಭಂಡಾರಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಮಕ್ಕಳು ಆ ಕಡೆ ಹೋಗಬಾರದು. ಕತ್ತಿಯ ಚರಚರ ಸದ್ದು ಮಾತ್ರ ಅಡಿಗೆಮನೆಗೆ ಕೇಳುತ್ತಿತ್ತು. ಸೇಫ್ಟಿ ರೇಜರಿನಿಂದ ಆ ಕೆಲಸ ಸಾಗದು. ಅದರ ಬಾಯಿಗೂ ಕಾವಲು ಪಟ್ಟಿಗೂ ನಡುವಿನ ಸಂದಿಯಲ್ಲಿ ಉದ್ದ ಕೂದಲು ಸಿಕ್ಕಿಕೊಳ್ಳುತ್ತದೆ, ತನ್ನ ನೆತ್ತಿಯ ಹಿಂಭಾಗ ತನಗೆ ಕಾಣುವುದೂ ಇಲ್ಲ. ಅಂದರೆ ಹೊಸ ಯಂತ್ರ ಮನೆಯ ಗಂಡಸನ್ನು ಕತ್ತಿಯಿಂದ ಬಿಡಿಸಿತು, ಹೆಂಗಸನ್ನು ಬಿಡಿಸಲಿಲ್ಲ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಓದಿದವರಿಗೆ, ಅಥವಾ 1983ರಲ್ಲಿ ಪ್ರೇಮಾ ಕಾರಂತರು ಅದರಿಂದ ಮಾಡಿದ ಸಿನಿಮಾ ನೋಡಿದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.

ಈ ಕತ್ತಿಯನ್ನು ಕೆಳಗಿಟ್ಟವರು ಶಾಸ್ತ್ರಿಗಳಲ್ಲ, ಕತ್ತಿ ಹಿಡಿದವರೇ ಎಂಬುದನ್ನು ನಾನು ಬಹಳ ತಡವಾಗಿ ತಿಳಿದೆ. 1890ರಲ್ಲಿ ಮುಂಬಯಿಯ ಕ್ಷೌರಿಕರು ಸಭೆ ಸೇರಿ ಇನ್ನು ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ತೀರ್ಮಾನಿಸಿದರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ನಾರಾಯಣ ಮೇಘಾಜಿ ಲೋಖಂಡೆ ಅವರ ಹಿಂದಿದ್ದರು. ನಮ್ಮ ಹಳ್ಳಿಗೆ ಆ ಸುದ್ದಿ ಬಂದಿರಲಾರದು. ಆದರೆ ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಭಂಡಾರಿ ಚೀಲ ಕಟ್ಟುತ್ತಾ ಅಪ್ಪನಿಗೆ ಹೇಳಿದ್ದು ನೆನಪಿದೆ: ‘ಒಡೆಯಾ, ಇದೊಂದು ಕೆಲ್ಸ ನನ್ ಮಗ ಮಾಡೂದಿಲ್ಲ ಅಂತಾನೆ.’ ಅಪ್ಪ ಏನೂ ಹೇಳಲಿಲ್ಲ. ಭಂಡಾರಿ ತೀರಿಕೊಂಡ ಮೇಲೆ ಅವನ ಮಗ ಸಾಗರದ ಪೇಟೆಯಲ್ಲಿ ಕುರ್ಚಿ, ಕನ್ನಡಿ ಇಟ್ಟು ಸೆಲೂನು ಹಾಕಿದ. ಮಡಿ ಅಜ್ಜಿಯ ಕೊನೆಯ ಎರಡು ವರ್ಷ ಅವರ ತಲೆಯಲ್ಲಿ ಬೆಳ್ಳಗೆ ಅರ್ಧ ಇಂಚು ಕೂದಲಿತ್ತು. ಸೆರಗು ಜಾರಿದಾಗ ಅವರು ಅದನ್ನು ಕೈಯಿಂದ ಸವರಿ ನೋಡಿಕೊಳ್ಳುತ್ತಿದ್ದುದನ್ನು ನಾನು ಕಂಡಿದ್ದೇನೆ.

ಇನ್ನು ಅಜ್ಜನ ರೇಜರಿನ ವಂಶಾವಳಿ. ಕತ್ತಿಗೆ ಕಾವಲು ಕಟ್ಟುವ ಯೋಚನೆ ಹಳೆಯದು. ಫ್ರಾನ್ಸಿನ ಚಾಕು ತಯಾರಕ ಜಾನ್ ಜಾಕ್ ಪೆರೆ 18ನೆಯ ಶತಮಾನದಲ್ಲೇ ಅಲಗಿಗೆ ಮರದ ತೊಡಿಗೆ ಮಾಡಿದ್ದ. ಅಮೆರಿಕದ ಕ್ಯಾಂಪ್‌ಫೆ ಸಹೋದರರು 1880ರಲ್ಲಿ ಪೇಟೆಂಟ್ ಪಡೆದ ರೇಜರಿನಲ್ಲಿ ಅಲಗು ಚಿಕ್ಕದಾಯಿತು, ಹಿಡಿ ಅಡ್ಡವಾಯಿತು. ಆದರೂ ಅಲಗನ್ನು ಮಸೆಯುವುದು ತಪ್ಪಲಿಲ್ಲ. ಮಸೆಯುವುದನ್ನೇ ತೆಗೆದುಹಾಕಿದವನು ಕಿಂಗ್ ಕ್ಯಾಂಪ್ ಜಿಲೆಟ್. ಬಾಟಲಿಯ ಬಿರಡೆ ಮಾರುವ ಕಂಪನಿಯಲ್ಲಿ ಸೇಲ್ಸ್‌ಮನ್ ಆಗಿದ್ದ ಆತನಿಗೆ, ಜನ ಒಮ್ಮೆ ಬಳಸಿ ಬಿಸಾಡಿ ಮತ್ತೆ ಕೊಳ್ಳುವಂಥ ವಸ್ತು ಕಂಡುಹಿಡಿ ಎಂದು ಬಿರಡೆ ಕಂಡುಹಿಡಿದ ವಿಲಿಯಂ ಪೇಂಟರ್ ಬುದ್ಧಿ ಹೇಳಿದ್ದರಂತೆ. 1895ರ ಒಂದು ಬೆಳಿಗ್ಗೆ ಮೊಂಡಾದ ಕತ್ತಿ ಹಿಡಿದು ನಿಂತಾಗ ಕತ್ತಿಗೆ ಬಾಯಿಯೊಂದೇ ಸಾಕು, ದಪ್ಪ ಬೆನ್ನು ಯಾಕೆ ಎಂದು ಅವನಿಗೆ ಹೊಳೆಯಿತು. ಕಾಗದದಷ್ಟು ತೆಳ್ಳನೆಯ ಉಕ್ಕನ್ನು ಸೊಟ್ಟಗಾಗದಂತೆ ಕಾಯಿಸಿ ಗಟ್ಟಿ ಮಾಡುವುದು ಆಗದ ಮಾತೆಂದು ತಜ್ಞರು ಹೇಳಿದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರು ಅದನ್ನು ಸಾಧಿಸಿದರು. 1903ರಲ್ಲಿ ಮಾರಾಟವಾದದ್ದು 51 ರೇಜರು, ಮರುವರ್ಷ 90,884. ಅದೇ 1904ರ ನವೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಸರ್ಕಾರವೇ ಸುಮಾರು 35 ಲಕ್ಷ ರೇಜರು ಹಂಚಿತು. ಯುದ್ಧ ಮುಗಿಸಿ ಮನೆಗೆ ಬಂದವರು ಆ ಅಭ್ಯಾಸವನ್ನೂ ಹೊತ್ತು ತಂದರು.

ಅದೇ ಯುದ್ಧದ ಇನ್ನೊಂದು ಕಥೆಯನ್ನು ವೈದ್ಯನಾದವನು ಬಿಡಲಾಗದು. ಆಗ ಸೋಂಕು ತೊಲಗಿಸದ ಕುದುರೆಕೂದಲಿನ ಅಗ್ಗದ ಶೇವಿಂಗ್ ಬ್ರಷ್‌ಗಳಿಂದ ಸೈನಿಕರಿಗೂ ನಾಗರಿಕರಿಗೂ ಮುಖ, ಕುತ್ತಿಗೆಗಳಲ್ಲಿ ಆಂಥ್ರಾಕ್ಸ್ ಬಂತು. ಕೆಲವರು ಸತ್ತರು. ಬ್ರಿಟನ್ 1920ರಲ್ಲಿ ಜಪಾನಿನ ಬ್ರಷ್‌ಗಳ ಆಮದನ್ನು ನಿಷೇಧಿಸಿತು. ರೇಜರಿಗೆ ಸೇಫ್ಟಿ ಎಂದು ಹೆಸರಿಟ್ಟವರು ಅಲಗನ್ನು ನೋಡಿದ್ದರು, ನೊರೆಯನ್ನು ನೋಡಿರಲಿಲ್ಲ.

ನಮ್ಮ ದೇಶದಲ್ಲಿ ಸ್ವಂತ ಕೈಯ ಕ್ಷೌರಕ್ಕೆ ಬೇರೆ ಒಂದು ಅರ್ಥವೂ ಬಂತು. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಗಾಂಧೀಜಿಯವರ ಕೂದಲು ಕತ್ತರಿಸಲು ಒಪ್ಪದಿದ್ದಾಗ ಅವರು ಕತ್ತರಿಸುವ ಯಂತ್ರ ಕೊಂಡು ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಂಡರು. ಹಿಂಭಾಗ ಕೆಟ್ಟುಹೋಗಿ, ಇಲಿ ಕಡಿದಿದೆಯೇ ಎಂದು ಕೋರ್ಟಿನಲ್ಲಿ ಸ್ನೇಹಿತರು ನಕ್ಕರು. ಆತ್ಮಕಥೆಯಲ್ಲಿ ಅವರು ಆ ಕ್ಷೌರಿಕನನ್ನು ದೂರುವುದಿಲ್ಲ. ನಮ್ಮ ಕ್ಷೌರಿಕರು ಅಸ್ಪೃಶ್ಯರಿಗೆ ಕ್ಷೌರ ಮಾಡಲು ನಾವು ಬಿಡುತ್ತೇವೆಯೇ ಎಂದು ತಿರುಗಿ ಕೇಳಿಕೊಳ್ಳುತ್ತಾರೆ. ಕರ್ನಾಟಕದ ಹಳ್ಳಿಗಳಿಂದ ಇಂಥ ನಿರಾಕರಣೆಯ ಸುದ್ದಿ ಇಂದಿಗೂ ಪತ್ರಿಕೆಗಳಲ್ಲಿ ಬರುತ್ತದೆ. ಎಷ್ಟೋ ದಲಿತ ಕೇರಿಗಳಲ್ಲಿ ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಳ್ಳುತ್ತಿದ್ದುದು ಇದೇ ಕಾರಣಕ್ಕೆ. ಅಲ್ಲಿಗೆ ಭಾರತ್ ಬ್ಲೇಡು, ಟೋಪಾಜ್ ಬ್ಲೇಡು ತಲುಪಿದ್ದು ಬರೀ ಅನುಕೂಲದ ಸಂಗತಿಯಲ್ಲ.

ಈಗ ಕತ್ತಿ ಹೆಚ್ಚೋ ಬ್ಲೇಡು ಹೆಚ್ಚೋ ಎಂಬ ಪ್ರಶ್ನೆ. ಗಡ್ಡಕ್ಕಾದರೆ ನನ್ನ ಉತ್ತರ ಚಿಕ್ಕದು. ಪಳಗಿದ ಕೈಯಲ್ಲಿ ಕತ್ತಿಯ ಕ್ಷೌರ ಯಾವ ಬ್ಲೇಡಿಗೂ ಕಡಿಮೆಯಲ್ಲ. ಒಂದೇ ಅಲಗು ಕೂದಲನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿ ಬಿಡುತ್ತದೆ. 1971ರಲ್ಲಿ ಎರಡು ಅಲಗಿನ, 1998ರಲ್ಲಿ ಮೂರು ಅಲಗಿನ ರೇಜರುಗಳು ಬಂದವು. ಇವುಗಳಲ್ಲಿ ಮೊದಲ ಅಲಗು ಕೂದಲನ್ನು ಎಳೆದು ಎರಡನೆಯದು ಇನ್ನೂ ಕೆಳಗೆ ಕತ್ತರಿಸುವುದರಿಂದ, ಗುಂಗುರು ಗಡ್ಡದವರಲ್ಲಿ ಮೊನೆ ಚರ್ಮದೊಳಗೇ ಬೆಳೆದು ಗುಳ್ಳೆಯಾಗುತ್ತದೆ. ಒಮಾನಿನಲ್ಲಿ ಕುತ್ತಿಗೆಯ ಗುಳ್ಳೆ ತೋರಿಸಿದ ಎಷ್ಟೋ ಯುವಕರಿಗೆ ನಾನು ಮುಲಾಮು ಬರೆಯುವ ಬದಲು ಒಂದಲಗಿನ ಹಳೆಯ ರೇಜರಿಗೆ ಹಿಂತಿರುಗಲು ಹೇಳಿದ್ದೇನೆ. ಗಲ್ಫ್‌ನಿಂದ ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ದುಬಾರಿ ರೇಜರು, ನೊರೆಯ ಡಬ್ಬಿ ಒಯ್ದು ಭಾವಮೈದುನರಿಗೆ ಹಂಚಿದವರಲ್ಲಿ ನಾನೂ ಒಬ್ಬ. ಅದೂ ಸತ್ಯ.

ಆದರೆ ಆಸ್ಪತ್ರೆಯಲ್ಲಿ ಕತ್ತಿಯೂ ಸೋತಿತು, ಬ್ಲೇಡೂ ಸೋತಿತು. ನಾನು ಹೌಸ್ ಸರ್ಜನ್ ಆಗಿದ್ದ ಆಸ್ಪತ್ರೆಯಲ್ಲಿ ಬಾರ್ಬರ್ ಎಂಬ ಹುದ್ದೆಯೇ ಇತ್ತು. ಆಪರೇಷನ್ನಿನ ಹಿಂದಿನ ಸಂಜೆ ಆತ ವಾರ್ಡಿಗೆ ಬಂದು ರೋಗಿಯ ಹೊಟ್ಟೆಯನ್ನೋ ತೊಡೆಯನ್ನೋ ಕನ್ನಡಿಯಂತೆ ಬೋಳಿಸುತ್ತಿದ್ದ. ಕೇಸ್ ಶೀಟಿನಲ್ಲಿ ‘ಪಾರ್ಟ್ಸ್ ಪ್ರಿಪೇರ್’ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಒಂದು ಕೂದಲು ಉಳಿದರೂ ಸರ್ಜನ್ ಬೈಯುತ್ತಿದ್ದರು. ಆದರೆ 1971ರಲ್ಲೇ ಸೆರೋಪಿಯನ್ ಮತ್ತು ರೆನಾಲ್ಡ್ಸ್ ಎಂಬ ಅಮೆರಿಕದ ವೈದ್ಯರು ಲೆಕ್ಕ ಕೊಟ್ಟಿದ್ದರು. ರೇಜರಿನಿಂದ ಬೋಳಿಸಿದವರಲ್ಲಿ ಗಾಯ ಕೀವಾದದ್ದು ನೂರಕ್ಕೆ 5.6, ಬೋಳಿಸದವರಲ್ಲಿ ಮತ್ತು ಕೂದಲುದುರುವ ಔಷಧಿ ಹಚ್ಚಿದವರಲ್ಲಿ 0.6. 1980ರಲ್ಲಿ ಕೆನಡಾದ ಕ್ರೂಸ್ ಮತ್ತು ಫೋರ್ಡ್ 62,939 ಗಾಯಗಳನ್ನು ಎಣಿಸಿ ಪ್ರಕಟಿಸಿದಾಗಲೂ ಅದೇ ದಿಕ್ಕು: ಬೋಳಿಸಿದರೆ 2.5, ಕತ್ತರಿಸಿದರೆ 1.7, ಸುಮ್ಮನೆ ಬಿಟ್ಟರೆ 0.9. ಕಣ್ಣಿಗೆ ಕಾಣದ ಗೀರುಗಳಲ್ಲಿ ರಾತ್ರಿಯಿಡೀ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅಷ್ಟೇ ಕಾರಣ. ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ ರೇಜರ್ ಬೇಡವೇ ಬೇಡ, ಅಗತ್ಯವಿದ್ದರೆ ಕ್ಲಿಪ್ಪರ್ ಮಾತ್ರ ಎಂದಿತು.

ಲೆಕ್ಕ ಪ್ರಕಟವಾಗಿ ಎಷ್ಟೋ ವರ್ಷಗಳ ನಂತರವೂ ನಾನು ಆ ಸಹಿ ಹಾಕುತ್ತಲೇ ಇದ್ದೆ. ಯಾರೂ ನನಗೆ ಹೇಳಲಿಲ್ಲ, ನಾನೂ ಓದಲಿಲ್ಲ. ಕೀವಾದ ಗಾಯಗಳನ್ನು ಬಿಚ್ಚಿ ತೊಳೆಯುವಾಗ ವಾರ್ಡಿನ ನೊಣಗಳನ್ನು ದೂರುತ್ತಿದ್ದೆವು. ಆ ಬಾರ್ಬರ್ ತನ್ನ ಕೆಲಸವನ್ನು ಬಹಳ ಅಚ್ಚುಕಟ್ಟಾಗಿ ಮಾಡುತ್ತಿದ್ದ.

ಇದಕ್ಕೆ ಎದುರಾಗಿ, ಬ್ಲೇಡು ಪುಣ್ಯ ಕಟ್ಟಿಕೊಂಡ ಜಾಗವೂ ಆಸ್ಪತ್ರೆಯ ಹೊರಗಿದೆ. ದಕ್ಷಿಣ ಭಾರತದ ಅನೇಕ ಕಡೆ ಕ್ಷೌರಿಕರ ಮನೆಯ ಹೆಂಗಸರೇ ಸೂಲಗಿತ್ತಿಯರು. ಹೊಕ್ಕುಳಬಳ್ಳಿ ಕೊಯ್ಯಲು ಕುಡುಗೋಲು, ಬಿದಿರಿನ ಸೀಳು, ಮನೆಯ ಹಳೆಯ ಕತ್ತಿ, ಕೈಗೆ ಸಿಕ್ಕಿದ್ದು. ಎಂಟನೆಯ ದಿನದ ಹೊತ್ತಿಗೆ ಮಗು ಮೊಲೆ ಬಿಟ್ಟು ಸೆಟೆದು ಸಾಯುತ್ತಿತ್ತು. ಅದು ಧನುರ್ವಾಯು. ಗರ್ಭಿಣಿಯರಿಗೆ ಲಸಿಕೆ ಬಂತು, ಜೊತೆಗೆ ಸೂಲಗಿತ್ತಿಯರಿಗೆ ಹಂಚಿದ ಹೆರಿಗೆ ಕಿಟ್ಟಿನಲ್ಲಿ ಸೋಪು, ದಾರ ಮತ್ತು ಕಾಗದ ಬಿಚ್ಚದ ಒಂದು ಹೊಸ ಬ್ಲೇಡು. ಆಸ್ಪತ್ರೆಯ ಹೆರಿಗೆಗಳೂ ಹೆಚ್ಚಿದವು. 2015ರಲ್ಲಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನವಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. ಜಿಲೆಟ್ ಇದನ್ನು ಕನಸಿನಲ್ಲೂ ಎಣಿಸಿರಲಾರ.

ಕೊನೆಗೆ ಅರ್ಧ ಬ್ಲೇಡು. ಇದು ಕತ್ತಿ, ಬ್ಲೇಡುಗಳ ಕೂಡಿಕೆ. ಹಿಡಿ ಹಳೆಯ ಕತ್ತಿಯದೇ, ಮಡಚುವುದೂ ಹಾಗೆಯೇ, ಅಲಗಿನ ಜಾಗದಲ್ಲಿ ಒಂದು ಸೀಳು. ಬ್ಲೇಡನ್ನು ಕಾಗದದ ಸಮೇತ ಉದ್ದಕ್ಕೆ ಮಡಚಿದರೆ ಟಕ್ಕೆಂದು ಎರಡಾಗುತ್ತದೆ. ಒಂದು ಅರ್ಧ ಈ ಗಿರಾಕಿಗೆ, ಇನ್ನೊಂದು ಮುಂದಿನವನಿಗೆ. ರೂವಿಯಲ್ಲಿ ನಾನು ಇಪ್ಪತ್ತು ವರ್ಷದಿಂದ ಹೋಗುವ ಅಂಗಡಿಯ ಹುಡುಗ (ಈಗ ಹುಡುಗನಲ್ಲ, ಅವನ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ) ಕಾರ್ಕಳದ ಕಡೆಯವನು. ‘ನಮ್ಮಜ್ಜ ಕತ್ತಿ ಮಸೆಯುದರಲ್ಲೇ ಅರ್ಧ ದಿನ ಕಳೀತಿದ್ರು ಡಾಕ್ಟ್ರೇ. ನನಗೆ ಮಸೆಯುದೇ ಗೊತ್ತಿಲ್ಲ’ ಎನ್ನುತ್ತಾನೆ. ಆದರೆ 30 ಡಿಗ್ರಿಯ ಮಣಿಕಟ್ಟು ಮಾತ್ರ ಅಜ್ಜನದೇ. ಅರ್ಧ ಬ್ಲೇಡಿಗೂ ಕಾವಲು ಪಟ್ಟಿ ಇಲ್ಲವಲ್ಲ.

ಅರ್ಧ ಬ್ಲೇಡು ಬಂದದ್ದು ಸುಲಭವೆಂಬ ಕಾರಣಕ್ಕೆ, ಕಡ್ಡಾಯವಾದದ್ದು ಹೆದರಿಕೆಯಿಂದ. 1980ರ ದಶಕದಲ್ಲಿ ಎಚ್‌ಐವಿ ಸುದ್ದಿ ಬಂದಾಗ ಊರಿನ ಸೆಲೂನುಗಳಲ್ಲಿ ‘ಹೊಸ ಬ್ಲೇಡ್ ಹಾಕಪ್ಪ’ ಎನ್ನುವುದು ರೂಢಿಯಾಯಿತು. ನಿಜವಾಗಿ ಹೆದರಬೇಕಾದದ್ದು ಹೆಪಟೈಟಿಸ್ ಬಿ ವೈರಸ್ಸಿಗೆ. ಅದು ಒಣಗಿದ ರಕ್ತದಲ್ಲಿಯೂ ಕನಿಷ್ಠ ಏಳು ದಿನ ಬದುಕಿರುತ್ತದೆ. ಸೂಜಿ ಚುಚ್ಚಿದ ಲೆಕ್ಕದಲ್ಲಿ ಹೇಳುವುದಾದರೆ, ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಹತ್ತುವ ಸಂಭವ ನೂರಕ್ಕೆ 30ರವರೆಗೂ ಹೋಗಬಹುದು, ಎಚ್‌ಐವಿಗೆ 0.3. ರೇಜರಿನ ಗೀರಿಗೆ ಇಷ್ಟಿರದು, ಆದರೆ ಅನುಪಾತ ಮನಸ್ಸಿನಲ್ಲಿರಲಿ. ಮಸ್ಕತ್ ಮುನಿಸಿಪಾಲಿಟಿಯ ತಪಾಸಣೆಯವರು ಕ್ಷೌರದಂಗಡಿಗಳಲ್ಲಿ ಮೊದಲು ನೋಡುವ ಸಂಗತಿಗಳಲ್ಲಿ ಬ್ಲೇಡೂ ಒಂದು. ಎಲ್ಲರ ಕೆನ್ನೆಗೂ ಉಜ್ಜುವ ಒಂದೇ ಪಟಿಕದ ಗಡ್ಡೆಯ ಬಗ್ಗೆ ನನ್ನ ಕಾರ್ಕಳದ ಗೆಳೆಯನೊಂದಿಗೆ ನಾನು ಎರಡು ವರ್ಷ ಜಗಳವಾಡಿದ್ದೇನೆ. ಗೆದ್ದಿದ್ದೇನೆ.

ಈ ಹೆದರಿಕೆಯ ಬಿಲ್ಲು ಕ್ಷೌರಿಕನ ಹೆಸರಿಗೂ ಬರುತ್ತದೆ. ಅವನ ಚಿಕ್ಕಪ್ಪನ ಮಗ ಊರಿನಲ್ಲಿ ಹತ್ತು ವರ್ಷ ಇದೇ ಕೆಲಸ ಮಾಡಿ, ಇಲ್ಲಿಗೆ ವೀಸಾ ಬಂದು, ಸಾಲ ಮಾಡಿ, ಗಲ್ಫ್ ಮೆಡಿಕಲ್‌ಗೆ ಹೋದ. ಹೆಪಟೈಟಿಸ್ ಬಿ ಪಾಸಿಟಿವ್. ಗಲ್ಫ್ ದೇಶಗಳ ನಿಯಮದಂತೆ ಅನ್‌ಫಿಟ್. ‘ಬ್ಲೇಡಿನಿಂದ ಬಂತಾ ಡಾಕ್ಟ್ರೇ?’ ಎಂದು ಇವನು ಕೇಳಿದ. ಹೇಳಲಾಗದು. ನಮ್ಮ ದೇಶದಲ್ಲಿ ಈ ಸೋಂಕು ಹೊತ್ತು ಬದುಕುವವರಲ್ಲಿ ಹೆಚ್ಚಿನವರಿಗೆ ಅದು ತಾಯಿಯಿಂದ ಅಥವಾ ಎಳವೆಯಲ್ಲೇ ಬಂದಿರುತ್ತದೆ. ಆದರೆ ಹತ್ತು ವರ್ಷ ದಿನಕ್ಕೆ ಇಪ್ಪತ್ತು ಗಡ್ಡ, ಬೆರಳಿಗೆ ಆಗಾಗ ಗಾಯ. ಗಿರಾಕಿಯನ್ನು ಕ್ಷೌರಿಕನಿಂದ ಕಾಪಾಡಲು ನಾವು ನಿಯಮ ಮಾಡಿದೆವು, ಕ್ಷೌರಿಕನನ್ನು ಗಿರಾಕಿಯಿಂದ ಕಾಪಾಡುವ ಮೂರು ಚುಚ್ಚುಮದ್ದು ಅವನಿಗೆ ಯಾರೂ ಕೊಡಲಿಲ್ಲ. ಒಮಾನ್ 1990ರಲ್ಲೇ ಎಲ್ಲ ಶಿಶುಗಳಿಗೂ ಈ ಲಸಿಕೆ ಆರಂಭಿಸಿತು. ಭಾರತದಲ್ಲಿ ಅದು ಎಲ್ಲ ರಾಜ್ಯಗಳಿಗೆ ತಲುಪಿದ್ದು 2011ರಲ್ಲಿ. ಆ ಹುಡುಗ ಈಗ ಊರಲ್ಲೇ ಇದ್ದಾನೆ, ಯಕೃತ್ತು ಚೆನ್ನಾಗಿದೆ, ಆರು ತಿಂಗಳಿಗೊಮ್ಮೆ ರಿಪೋರ್ಟ್ ವಾಟ್ಸಾಪಿನಲ್ಲಿ ನನಗೆ ಬರುತ್ತದೆ. ನನ್ನ ಗೆಳೆಯನಿಗೂ ಅವನ ಜೊತೆ ದುಡಿಯುವ ಇಬ್ಬರು ಬಾಂಗ್ಲಾದವರಿಗೂ ನಾನು ನಿಂತು ಮೂರು ಡೋಸ್ ಹಾಕಿಸಿದೆ. ನಮ್ಮ ಸಂಘದ ಸದಸ್ಯರು ತಾವು ಹೋಗುವ ಅಂಗಡಿಯಲ್ಲಿ ಹೊಸ ಬ್ಲೇಡು ಕೇಳುವಾಗ ಇದನ್ನೂ ಒಮ್ಮೆ ಕೇಳಿ ನೋಡಬಹುದು.

2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಒಮಾನಿನ ಕ್ಷೌರದಂಗಡಿಗಳೆಲ್ಲ ಮುಚ್ಚಿದವು. ತಿಂಗಳುಗಟ್ಟಲೆ ನನ್ನ ತಲೆ ನನ್ನ ಮನೆಯವರ ಕೈಯಲ್ಲಿತ್ತು, ಗಾಂಧೀಜಿಯ ಇಲಿ ನೆನಪಾಯಿತು. ಅಂಗಡಿ ತೆರೆದ ಮೊದಲ ವಾರ ಹೋದೆ. ಗೆಳೆಯ ಮಾಸ್ಕು, ಗ್ಲೌಸು ಹಾಕಿಕೊಂಡು, ಬ್ಲೇಡಿನ ಕಾಗದವನ್ನು ನನ್ನ ಕಣ್ಣೆದುರು ಹಿಡಿದು ಟಕ್ಕೆಂದು ಮುರಿದ. ಪಕ್ಕದ ಕುರ್ಚಿಯಲ್ಲಿ ಒಬ್ಬ ಒಮಾನಿ ಹಿರಿಯರ ಕ್ಷೌರ ಆಗತಾನೇ ಮುಗಿದಿತ್ತು. ಬಾಂಗ್ಲಾದ ಹುಡುಗ ಅವರ ಕುತ್ತಿಗೆ ಒರೆಸಿ ‘ನಈಮನ್’ ಎಂದ. ಅರಬ್ಬರಲ್ಲಿ ಕ್ಷೌರವಾದವರಿಗೆ, ಸ್ನಾನ ಮಾಡಿ ಬಂದವರಿಗೆ ಹೇಳುವ ಶುಭಾಶಯವದು, ಸುಖವಾಗಿರು ಎಂದು ಅರ್ಥ. ಹಿರಿಯರು ಎದ್ದು, ಮಾಸ್ಕು ಸರಿಮಾಡಿಕೊಂಡು, ಆ ಹುಡುಗನ ಕೈ ಹಿಡಿದು ಕುಲುಕಲು ಹೋದವರು ಕೊರೊನಾ ನೆನಪಾಗಿ ಅರ್ಧಕ್ಕೆ ನಿಲ್ಲಿಸಿ ನಕ್ಕರು. ನಮ್ಮ ಮನೆಯಲ್ಲಾಗಿದ್ದರೆ ಅವರು ಹಿತ್ತಿಲಿನಿಂದ ಬಚ್ಚಲಿಗೆ ಹೋಗಬೇಕಿತ್ತು.